ಕೆಟ್ಟು ನಿಂತ ಗಾಡಿಯ ಹಿಂದಿನ ಕಲ್ಲು

ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯರೇ, ತಡವಾದರೂ ಬಂದೇ ಬಂದ ಮುಖ್ಯ ಅತಿಥಿಗಳೇ, ನಮ್ಮ ಸಂಚಾರ ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರೇ, ಹಳೆ ಮದ್ರಾಸ್ ರಸ್ತೆ ವರ್ತಕರ ಸಂಘದ ಪದಾಧಿಕಾರಿಗಳೇ, ಹಿಂದಿನಿಂದ ಪಲಾವಿನ ವಾಸನೆ ಬರುತ್ತಿದ್ದರೂ ಇನ್ನೂ ಕುರ್ಚಿ ಬಿಡದ ಸಭಿಕರೇ,

ಮುಖ್ಯ ಅತಿಥಿಗಳು ಏಕೆ ತಡವಾದರು ಎಂದು ನಿಮಗೆಲ್ಲ ಕುತೂಹಲವಿರಬಹುದು. ಅವರ ಕಾರು ದೊಮ್ಮಲೂರಿನ ಹತ್ತಿರ ಕೆಟ್ಟು ನಿಂತಿತ್ತು. ನನ್ನ ಬೀಳ್ಕೊಡುಗೆಗೆ ಬರುತ್ತಿದ್ದವರ ಕಾರನ್ನು ನನ್ನ ಬೀಳ್ಕೊಡುಗೆಗೆ ಬರುತ್ತಿದ್ದ ಪೊಲೀಸರೇ ತಳ್ಳಿದ್ದಾರೆ. ಇದಕ್ಕಿಂತ ಒಳ್ಳೆಯ ಸ್ವಾಗತ ಭಾಷಣ ಯಾರು ಮಾಡಬಲ್ಲರು?

ನನಗೆ ಮೈಸೂರು ಪೇಟ ತೊಡಿಸಿದ್ದೀರಿ. ಬಿಳಿ ಟೋಪಿ ಹಾಕಿ ಹಾಕಿ ತಲೆಯ ಮೇಲೆ ಉಂಗುರದ ಗುರುತು ಬಿದ್ದಿದೆ, ಅದರ ಮೇಲೆ ಈ ಪೇಟ ನಿಲ್ಲುತ್ತಿಲ್ಲ. ಬಿದ್ದರೆ ಅಪಶಕುನ ಎಂದುಕೊಳ್ಳಬೇಡಿ. ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ನಿರೂಪಣೆ ಮಾಡಿದ ಮೇಡಂ ನನ್ನನ್ನು 'ರಸ್ತೆಯ ದೇವರು' ಎಂದರು. ದೇವರು ಗರ್ಭಗುಡಿಯಲ್ಲಿ ನೆರಳಿನಲ್ಲಿ ಇರುತ್ತಾನಮ್ಮ. ನಾನು ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಬಿಸಿಲಿನಲ್ಲಿ ಇದ್ದವನು.

ನಮ್ಮದು ಕಗ್ಗದಾಸಪುರ. ಈಗ ಹೋದರೆ ಅಪಾರ್ಟ್‌ಮೆಂಟು ಕಾಣುತ್ತದೆ, ನಾನು ಹುಟ್ಟಿದಾಗ ರಾಗಿ ಹೊಲ ಕಾಣುತ್ತಿತ್ತು. ಕಳೆ ಕೀಳುವುದಕ್ಕೆ ನನಗೆ ಮೈ ಬಗ್ಗುತ್ತಿರಲಿಲ್ಲ. ನಮ್ಮಪ್ಪ ಒಂದು ದಿನ ಕುಡುಗೋಲು ಕೆಳಗಿಟ್ಟು ಹೇಳಿದರು: "ನೀನ್ ಹೊಲಕ್ಕೆ ಆಗಲ್ಲ ಕಣಲೇ. ಪೊಲೀಸ್‌ಗೆ ಸೇರ್ಕೊ. ನೆರಳಲ್ಲಿ ಕೂತ್ಕೊಂಡು ಸಂಬಳ ಎಣಿಸ್ಬಹುದು." ಪಾಪ, ಅವರಿಗೆ ಸಂಚಾರ ವಿಭಾಗ ಎಂದು ಒಂದಿದೆ ಎನ್ನುವುದೇ ಗೊತ್ತಿರಲಿಲ್ಲ. ಆಮೇಲೆ ಒಂದು ಸಲ ಎತ್ತಿನಗಾಡಿಯಲ್ಲಿ ಹುಲ್ಲು ಹೇರಿಕೊಂಡು ಹಲಸೂರಿನ ಕಡೆ ಬಂದಾಗ, ನಡುರಸ್ತೆಯಲ್ಲಿ ಬೆವರು ಸುರಿಸುತ್ತ ಕೈ ಆಡಿಸುತ್ತಿದ್ದ ನನ್ನನ್ನು ನೋಡಿ ಎತ್ತು ಹೊಡೆದುಕೊಂಡು ಹೋದರು. ನಾನು ಅವರಿಗೆ ಸಿಗ್ನಲ್ ಕೊಟ್ಟಿರಲಿಲ್ಲ. ಆದರೂ ಹೋದರು.

ಇರಲಿ. ಸಂಘದವರು ನನಗೆ ವಿಷಯ ಕೊಟ್ಟಿದ್ದಾರೆ, 'ರಸ್ತೆ ಸುರಕ್ಷತೆ'. ಇನ್ನೊಂದು ಕಾರಣಕ್ಕೂ ನಾನು ಅದರ ಬಗ್ಗೆಯೇ ಮಾತನಾಡಬೇಕು. ಎರಡನೆಯ ಸಾಲಿನಲ್ಲಿ, ಅವರಮ್ಮ ಧನಲಕ್ಷ್ಮಿಯ ಪಕ್ಕ, ಹೊಸ ಸಮವಸ್ತ್ರದಲ್ಲಿ ಕುಳಿತಿದ್ದಾಳಲ್ಲ, ಅವಳು ನನ್ನ ಮಗಳು ರಮ್ಯಶ್ರೀ. ನಾನು ಇವತ್ತು ಇಳಿಯುತ್ತೇನೆ, ಅವಳು ನಾಳೆ ಹತ್ತುತ್ತಾಳೆ. ಅದೇ ಇಲಾಖೆ, ಅದೇ ಠಾಣೆ. ಚಪ್ಪಾಳೆ ಆಮೇಲೆ ಹೊಡೆಯಿರಿ. ನನಗಿನ್ನೂ ಅದು ಚಪ್ಪಾಳೆ ಹೊಡೆಯುವ ವಿಷಯವೋ ಅಲ್ಲವೋ ತಿಳಿದಿಲ್ಲ.

ಜನ ಕೇಳುತ್ತಾರೆ, ಪೊಲೀಸ್ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯ ಯಾವುದು, ರೌಡಿಗಳನ್ನು ಹಿಡಿಯುವುದಾ ಎಂದು. ರೌಡಿ ಎದುರಿನಿಂದ ಬರುತ್ತಾನೆ ಸ್ವಾಮಿ. ನಮ್ಮ ಅಪಾಯ ಬೆನ್ನ ಹಿಂದಿನಿಂದ ಬರುತ್ತದೆ, ಅದೂ ಹಾರನ್ ಹೊಡೆದುಕೊಂಡು. ಕೆಟ್ಟು ನಿಂತ ಕಾರಿನ ಬಾನೆಟ್ ಒಳಗೆ ತಲೆ ಹಾಕಿದ ಮನುಷ್ಯನಿಗೆ ಜಗತ್ತಿನಲ್ಲಿ ಇರುವುದು ರೇಡಿಯೇಟರ್ ಒಂದೇ. ಅವನ ಹಿಂದೆ ಲಾರಿ, ಬಸ್ಸು, ಟೆಂಪೋ ಎಲ್ಲ ಹೋಗುತ್ತಲೇ ಇರುತ್ತವೆ. ಡಾಂಬರು ಹಾಕುವವರನ್ನು ಕೇಳಿ, ಗುಂಡಿ ಮುಚ್ಚುವವರನ್ನು ಕೇಳಿ. ಬಗ್ಗಿ ಕೆಲಸ ಮಾಡುವ ಪ್ರತಿಯೊಬ್ಬರೂ ಇದೇ ಮಾತು ಹೇಳುತ್ತಾರೆ.

ಇನ್ನು ನಾವು ಯಾರಿಗೆ ಸಹಾಯ ಮಾಡಲು ಹೋಗುತ್ತೇವೋ ಅವರ ವಿಷಯ. ಗಾಡಿ ಕೆಟ್ಟರೆ ನಮ್ಮ ಜನ ಏನು ಮಾಡುತ್ತಾರೆ? ಮನೆಮಂದಿಯೆಲ್ಲ ಕೆಳಗಿಳಿಯುತ್ತಾರೆ. ಎಲ್ಲಿಗೆ? ಫುಟ್‌ಪಾತಿಗಾ? ಇಲ್ಲ, ರಸ್ತೆಗೆ! ಅಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾರೆ. ಒಂದು ಸಲ ಮದುವೆ ವ್ಯಾನ್ ಕೆಟ್ಟಾಗ ಮದುಮಗನನ್ನೇ ತಳ್ಳಲು ಇಳಿಸಿದ್ದರು. ಬಾಸಿಂಗ ಕಟ್ಟಿಕೊಂಡು ತಳ್ಳುತ್ತಿದ್ದಾನೆ, ಹಿಂದೆ ವಾಲಗದವರು ಊದುತ್ತಿದ್ದಾರೆ. ನಾನು ಸೀಟಿ ಊದಿದೆ. ವಾಲಗದವರು ನನ್ನನ್ನೂ ತಮ್ಮ ಮೇಳದವನೇ ಎಂದುಕೊಂಡರು.

ಅದಕ್ಕಿಂತ ದೊಡ್ಡ ಅಪಾಯ ಯಾವುದು ಗೊತ್ತೇ? ಸಂಬಂಧ ಹುಡುಕುವುದು. ಹಲಸೂರಿನ ಹತ್ತಿರ ಒಬ್ಬರ ಫಿಯೆಟ್ ಕಾರು ತಳ್ಳಿ ಬದಿಗೆ ತರುತ್ತಿದ್ದೆ. ಅರ್ಧ ದಾರಿಯಲ್ಲಿ ಆ ಯಜಮಾನರು ಸ್ಟೀರಿಂಗ್ ಬಿಟ್ಟು ಕೆಳಗಿಳಿದು, "ನಿಮ್ದು ಯಾವೂರು ಸಾರ್?" ಎಂದರು. ಕಗ್ಗದಾಸಪುರ ಎಂದೆ. "ಹೌದಾ! ಕಗ್ಗದಾಸಪುರದಲ್ಲಿ ಯಾರ ಮನೆ?" ಹೇಳಿದೆ. "ನಿಮ್ ಮನೆಯವ್ರು ಲಿಂಗರಾಜಪುರದೋರಾ?" ಹೌದು ಎಂದೆ. "ಅಯ್ಯೋ, ಹಂಗಾದ್ರೆ ನೀವು ನಮಗೆ ಅಳಿಯ ಆಗ್ಬೇಕು!" ಎಂದು ನಡುರಸ್ತೆಯಲ್ಲಿ ತಬ್ಬಿಕೊಂಡರು. ಪಕ್ಕದಲ್ಲೇ ಉಜ್ಜಿಕೊಂಡು ಹೋದ ಬಸ್ಸಿನ ಕಂಡಕ್ಟರು ನಮ್ಮಿಬ್ಬರ ವಂಶದ ಬಗ್ಗೆ ಆಡಿದ ಮಾತನ್ನು ಈ ಸಭೆಯಲ್ಲಿ ಹೇಳಲಾರೆ. ಆ ಮಾವನವರೂ ಇಲ್ಲಿ ಬಂದಿದ್ದಾರೆ. ನಗುತ್ತಿದ್ದಾರೆ ನೋಡಿ.

ನಗಿ, ನಗಿ. ನಾನು ಮಗಳಿಗೂ ಹೇಳಿದ್ದೇನೆ, ರಸ್ತೆಯಲ್ಲಿ ಯಾರಾದರೂ ಯಾವೂರು ಎಂದು ಕೇಳಿದರೆ ಫುಟ್‌ಪಾತಿಗೆ ಬನ್ನಿ ಹೇಳುತ್ತೇನೆ ಅನ್ನು ಎಂದು. ಆದರೆ ಅವಳಿಗೆ ಆ ತೊಂದರೆ ಬರುವುದಿಲ್ಲ ಬಿಡಿ. ಕಂಟ್ರೋಲ್ ರೂಮಿನಲ್ಲಿ ಫ್ಯಾನಿನ ಕೆಳಗೆ ಕುಳಿತು ಫೋನ್ ಎತ್ತುವವಳಿಗೆ ಯಾರು ಬಂದು ಊರು ಕೇಳುತ್ತಾರೆ? ಸಾಹೇಬರು ಮೊನ್ನೆಯೇ ನನಗೆ ಮಾತು...

ಅಯ್ಯೋ.

ಇದನ್ನು ನಾನು ಹೇಳಬಾರದಿತ್ತು. ಈ ಮೈಕನ್ನು ಯಾರಪ್ಪಾ ಇಷ್ಟು ಜೋರಾಗಿ ಇಟ್ಟವರು?

ರಮ್ಯಾ, ಹಾಗೆ ನೋಡಬೇಡ. ಇನ್ಸ್‌ಪೆಕ್ಟರ್ ಸಾಹೇಬರನ್ನೂ ನೋಡಬೇಡ, ಅವರು ಆಗಲೇ ಮೇಲಿನ ಫ್ಯಾನು ನೋಡುತ್ತಿದ್ದಾರೆ. ಅವರದೇನೂ ತಪ್ಪಿಲ್ಲ. ನಾನೇ ಅವರ ಮನೆಯವರೆಗೆ ಹೋಗಿ, ನನ್ನ ಮಗಳನ್ನು ರಸ್ತೆಗೆ ಹಾಕಬೇಡಿ, ಒಳಗೆ ಎಲ್ಲಾದರೂ ಕೂರಿಸಿ ಎಂದು ಕೈ ಮುಗಿದು ಬಂದೆ. ನಿಮ್ಮಮ್ಮನೇ ಹೇಳಿ ಕಳಿಸಿದ್ದು. ಧನಲಕ್ಷ್ಮಿ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರೆ ಆಯಿತೇ? ನೀನೂ ಒಂದು ಮಾತು ಹೇಳು. ಆಯಿತು, ನಾನೇ ಹೇಳುತ್ತೇನೆ. ಸಭಿಕರು ದಯವಿಟ್ಟು ಕ್ಷಮಿಸಬೇಕು, ಇದು ನಮ್ಮ ಮನೆಯ ಮಾತು. ಆದರೆ ಮೈಕಿಗೆ ಬಿದ್ದ ಮೇಲೆ ನಿಮ್ಮದೂ ಆಯಿತಲ್ಲ.

ನಿಮ್ಮಲ್ಲಿ ಹಳಬರಿಗೆ ಅಕ್ತರ್ ನೆನಪಿರಬೇಕು. ಶಿವಾಜಿನಗರದವನು, ನಮ್ಮ ಠಾಣೆಯ ಕ್ರೇನ್ ಓಡಿಸುತ್ತಿದ್ದ. ಕೆಟ್ಟ ಗಾಡಿ ಎಳೆಯುವಾಗ ಒಬ್ಬರು ಕೊಕ್ಕೆ ಹಾಕಬೇಕು, ಇನ್ನೊಬ್ಬರು ಬರುವ ಗಾಡಿಗಳ ಕಡೆ ಮುಖ ಮಾಡಿ ನಿಲ್ಲಬೇಕು. ಇದನ್ನು ನಮಗೆ ಯಾರೂ ತರಬೇತಿಯಲ್ಲಿ ಹೇಳಿಕೊಡಲಿಲ್ಲ, ನಾವಿಬ್ಬರೇ ಮಾಡಿಕೊಂಡ ಪದ್ಧತಿ. ನಾನು ಬಗ್ಗಿದರೆ ಅವನು ಹೇಳುತ್ತಿದ್ದ, "ಪೀಛೆ ಮೈ ದೇಖ್ರೌಂ ರಾಜಪ್ಪಾ, ಹಿಂದೆ ನಾನ್ ನೋಡ್ಕೊತೀನಿ, ನೀನ್ ಆರಾಮಾಗಿ ಮಾಡು." ಅಷ್ಟು ಹೇಳಿ ಸುಮ್ಮನಿರುತ್ತಿದ್ದನೇ? ನನ್ನ ಹೊಟ್ಟೆಯ ಬಗ್ಗೆ ಏನಾದರೂ ಅನ್ನುತ್ತಿದ್ದ. ರಂಜಾನಿನಲ್ಲಿ ಉಪವಾಸ ಇದ್ದುಕೊಂಡೇ ನನಗೆ ಸಮೋಸ ತಂದುಕೊಡುತ್ತಿದ್ದ. ರಮ್ಯಾಳಿಗೆ ಅವನು ಅಕ್ತರ್ ಮಾಮ. ಅವಳನ್ನು ಕ್ರೇನಿನ ಸೀಟಿನಲ್ಲಿ ಕೂರಿಸಿ ಹಾರನ್ ಹೊಡೆಸುತ್ತಿದ್ದ.

ನಮ್ಮಲ್ಲೊಂದು ಪದ್ಧತಿ ಇದೆ, ನಿಮಗೆಲ್ಲ ಗೊತ್ತು. ಲಾರಿ ಕೆಟ್ಟರೆ ಡ್ರೈವರ್ ಇಳಿದು ಪಕ್ಕದ ಮರದಿಂದ ಒಂದು ಕೊಂಬೆ ಮುರಿದು ಹಿಂದೆ ಸಿಗಿಸುತ್ತಾನೆ, ಗಾಡಿಯ ಸುತ್ತ ದಪ್ಪ ಕಲ್ಲು ಇಡುತ್ತಾನೆ. ಬರುವವರು ನೋಡಿಕೊಂಡು ಬರಲಿ ಎಂದು. ಬಹಳ ಒಳ್ಳೆಯ ಪದ್ಧತಿ. ಆಮೇಲೆ ಲಾರಿ ರಿಪೇರಿಯಾಗುತ್ತದೆ. ಡ್ರೈವರ್ ಹತ್ತಿ ಕುಳಿತು, ಸ್ಟೀರಿಂಗಿಗೆ ಕೈ ಮುಗಿದು ಹೊರಟುಹೋಗುತ್ತಾನೆ. ಕಲ್ಲು? ಕಲ್ಲು ರಸ್ತೆಯಲ್ಲೇ! ತನ್ನ ಜೀವ ಕಾಯಲು ಇಟ್ಟ ಕಲ್ಲು ಇನ್ನೊಬ್ಬನ ಜೀವ ತೆಗೆಯಲಿ ಎಂದು ಅಲ್ಲೇ ಬಿಟ್ಟು ಹೋಗುತ್ತಾನೆ. ಈ ಸಭೆಯಲ್ಲಿ ಲಾರಿಯವರು ಇದ್ದೀರಿ. ತಲೆ ತಗ್ಗಿಸಬೇಡಿ, ಪೇಟ ಹಾಕಿಕೊಂಡ ನನಗೇ ತಲೆ ತಗ್ಗಿಸಲು ಆಗುತ್ತಿಲ್ಲ.

ತೊಂಬತ್ತೆಂಟನೆಯ ಇಸವಿ. ಕೋಲಾರದ ಟೊಮ್ಯಾಟೊ ಲಾರಿ ಟಿನ್ ಫ್ಯಾಕ್ಟರಿ ಹತ್ತಿರ ಆಕ್ಸಲ್ ಮುರಿದುಕೊಂಡು ನಿಂತಿತು. ಆಗ ಅಲ್ಲಿ ತೂಗುಸೇತುವೆ ಇರಲಿಲ್ಲ, ರೈಲ್ವೆ ಗೇಟಿನ ಜನವೆಲ್ಲ ಬಂದು ತುಂಬಿಕೊಳ್ಳುತ್ತಿತ್ತು. ಒಳ್ಳೆಯ ಬಿಸಿಲು, ಹಾಡು ಹಗಲು. ಅಕ್ತರ್ ಲಾರಿಯನ್ನು ಎಳೆದು ಬದಿಗೆ ಹಾಕಿದ. ಜನ ಶಿಳ್ಳೆ ಹೊಡೆದರು, ಬಿದ್ದ ಟೊಮ್ಯಾಟೊ ಆರಿಸಿಕೊಂಡು ಹೋದರು. ಕೆಲಸ ಮುಗಿಯಿತು ಎಂದು ನಾನು ಟೋಪಿ ತೆಗೆದು ತಲೆ ಒರೆಸಿಕೊಂಡೆ. ಅಕ್ತರ್ ಮಾತ್ರ ಕ್ರೇನಿನಿಂದ ಇಳಿದ.

"ಇರು ಗುರು, ಆ ಕಲ್ಲು ಎತ್ತಾಕ್ಬಿಡ್ತೀನಿ. ಪಾಪ ಯಾರಾದ್ರೂ ಸ್ಕೂಟರ್‌ನೋರು ಬಿದ್ಬಿಟ್ಟಾರು."

ನಾನು ಟೋಪಿ ಹಾಕಿಕೊಂಡು ಬರುವ ಗಾಡಿಗಳ ಕಡೆ ಮುಖ ಮಾಡಿ ಕೈ ಎತ್ತಿದೆ. ನಮ್ಮ ಪದ್ಧತಿಯಂತೆಯೇ. ಎದುರಿಗೆ ಬಂದ ಕಾರು ನಿಂತಿತು. ಕಾರಿನವನು ಒಳ್ಳೆಯವನು, ಕೈ ನೋಡಿ ನಿಂತ. ಅವನ ಹಿಂದೆ ಒಂದು ಮೆಟಡೋರ್ ವ್ಯಾನ್. ಮುಂದಿನವನು ಯಾಕೆ ನಿಂತ ಎಂದು ಆ ವ್ಯಾನಿನವನು ನೋಡಲಿಲ್ಲ. ಎಡಕ್ಕೆ ಎಳೆದುಕೊಂಡು, ಕಾರನ್ನು ದಾಟಿ, ನನ್ನ ಕೈಯನ್ನೂ ದಾಟಿ ಹೋದ. ನಾನು ಕೂಗಿದೆ. ಅಕ್ತರ್ ಕಲ್ಲು ಎತ್ತಿಕೊಂಡು ಏಳುತ್ತಿದ್ದ.

ಅವನ ಕೈಯಿಂದ ಆ ಕಲ್ಲನ್ನು ನಾನೇ ಬಿಡಿಸಿದೆ. ವ್ಯಾನಿನ ಹುಡುಗ ರಸ್ತೆಯಲ್ಲೇ ಕುಳಿತು ಅಳುತ್ತ, "ಸಾರ್, ರೋಡ್ ಖಾಲಿ ಐತೆ ಅಂದ್ಕೊಂಡೆ ಸಾರ್" ಎಂದು ಅದೊಂದನ್ನೇ ಹೇಳುತ್ತಿದ್ದ. ಅವನಿಗೆ ಹೊಡೆಯಬೇಕೆಂದು ಹೋದವನು ಹೊಡೆಯಲಿಲ್ಲ. ನಾನು ಅವತ್ತು ನಿಯಮದ ಪ್ರಕಾರವೇ ನಿಂತಿದ್ದೆ ಎಂದು ಸಾಹೇಬರೆಲ್ಲ ಹೇಳಿದರು. ಹೌದು, ಸರಿಯಾಗಿಯೇ ನಿಂತಿದ್ದೆ, ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ. ಕಾಯುವವನು ಕಣ್ಣು ಬಿಟ್ಟುಕೊಂಡಿದ್ದರೆ ಸಾಲದು, ಬರುವವನೂ ಬಿಟ್ಟುಕೊಂಡಿರಬೇಕು. ಅಕ್ತರ್ ಹೋದದ್ದಕ್ಕೆ ನನಗೆ ಬಹಳ ದುಃಖವಾಯಿತು. ಇವತ್ತಿಗೂ ಆಗುತ್ತದೆ.

ಆಮೇಲೆ ನಾನು ರಸ್ತೆಯಲ್ಲಿ ಕಂಡ ಕಲ್ಲನ್ನೆಲ್ಲ ಎತ್ತಿ ಮನೆಗೆ ಸಾಗಿಸಲು ಶುರುಮಾಡಿದೆ. ನಮ್ಮ ಮನೆಯ ಕಾಂಪೌಂಡು ಪೂರ್ತಿ ಹಳೆ ಮದ್ರಾಸ್ ರಸ್ತೆಯದು. ಧನಲಕ್ಷ್ಮಿ ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಇಡುವುದೂ ಅದೇ ಕಲ್ಲು. "ಬೇರೆ ಪೊಲೀಸ್‌ನೋರ ಮನೆಗೆ ಏನೇನೋ ಬರುತ್ತೆ, ನಮ್ ಮನೆಗೆ ಕಲ್ಲು ಬರುತ್ತೆ" ಎಂದು ಅವಳ ದೂರು. ಲಂಚ ಹುಡುಕಿಕೊಂಡು ಯಾರಾದರೂ ನನ್ನ ಮನೆಯ ಮೇಲೆ ದಾಳಿ ಮಾಡಿದರೆ ಕಲ್ಲು ಎತ್ತಿ ಎತ್ತಿ ಪಾಪ ಅವರ ಸೊಂಟವೇ ಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಮಗಳನ್ನು ಅದೇ ಜಾಗಕ್ಕೆ ಕಳಿಸು ಎಂದರೆ ಯಾವ ಅಪ್ಪ ಕಳಿಸುತ್ತಾನೆ? ನೀವೇ ಹೇಳಿ, ಕಳಿಸುತ್ತೀರಾ? ಪಲಾವ್ ಬಡಿಸುವವರೂ ಬಂದು ಬಾಗಿಲಲ್ಲಿ ನಿಂತುಬಿಟ್ಟಿದ್ದಾರೆ.

ಇವಳು ಕೆಲಸಕ್ಕೆ ಅರ್ಜಿ ಹಾಕಿದಾಗಲೂ ನಾನು ಇದನ್ನೇ ಹೇಳಿ ಜಗಳವಾಡಿದ್ದೆ. ಆಗ ಇವಳು ಕೇಳಿದ್ದಳು: "ಅಕ್ತರ್ ಮಾಮ ಯಾರೋ ಗೊತ್ತಿಲ್ದೆ ಇರೋರು ಬೀಳ್ಬಾರ್ದು ಅಂತ ತಾನೆ ಅಪ್ಪ ಇಳ್ದಿದ್ದು? ನಾನ್ ಇಳೀಲಿಲ್ಲ ಅಂದ್ರೆ ಇನ್ ಯಾರ್ ಮನೆಯವ್ರು ಇಳೀಬೇಕು?" ಉತ್ತರ ಇಲ್ಲದಿದ್ದಾಗ ಗಂಡಸರು ಏನು ಮಾಡುತ್ತಾರೆ? ಊಟಕ್ಕೆ ಬಡಿಸು ಎನ್ನುತ್ತಾರೆ. ನಾನೂ ಹಾಗೇ ಅಂದೆ.

ಇವತ್ತು ಇಲ್ಲಿ ನಿಂತು ಯೋಚಿಸಿದರೆ, ನಾನು ಇವಳಿಗೆ ಕೊಡಿಸಲು ಹೊರಟಿರುವ ಕೆಲಸವಾದರೂ ಯಾವುದು? ಫೋನ್ ಬರುತ್ತದೆ, ಸೇತುವೆಯ ಮೇಲೆ ಲಾರಿ ಕೆಟ್ಟಿದೆ ಎಂದು. ಇವಳು ಇನ್ನೊಬ್ಬರಿಗೆ ಹೋಗಿ ಎನ್ನಬೇಕು. ಹೋಗುವವರೂ ಯಾರದೋ ಮಕ್ಕಳೇ. ಅವರ ಅಪ್ಪಂದಿರಿಗೆ ಸಾಹೇಬರ ಮನೆ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ರಮ್ಯಾ, ನೀನು ಯಾಕೆ ಎದ್ದು ನಿಂತಿದ್ದೀಯಾ ಎಂದು ನನಗೆ ಗೊತ್ತು. ಕೂತ್ಕೊಮ್ಮ. ಸಾಹೇಬರೇ, ನಾನು ಮೊನ್ನೆ ಬೇಡಿದ್ದನ್ನು ಇಷ್ಟು ಜನರ ಮುಂದೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಇವಳನ್ನು ಟಿನ್ ಫ್ಯಾಕ್ಟರಿಗೇ ಹಾಕಿ. ಒಂಟಿಯಾಗಿ ಮಾತ್ರ ಕಳಿಸಬೇಡಿ. ಇವಳನ್ನೇ ಅಲ್ಲ, ಯಾರನ್ನೂ. ಬಗ್ಗಿದವರ ಹಿಂದೆ ನಿಂತು ನೋಡಲು ಒಬ್ಬರು ಇರಲಿ.

ಧನಲಕ್ಷ್ಮಿ, ಅಳಬೇಡ. ಮನೆಗೆ ಹೋದ ಮೇಲೆ ಬೈಯುವೆಯಂತೆ.

ಈಗ ಸಭಿಕರಲ್ಲಿ ನನ್ನದೊಂದು ಸಣ್ಣ ವಿಚಾರಣೆ. ನಾಳೆ ಬೆಳಿಗ್ಗೆ ಗಾಡಿಯಲ್ಲಿ ಟಿನ್ ಫ್ಯಾಕ್ಟರಿ ದಾಟಿ ಹೋಗುವವರು ಯಾರು ಯಾರು? ನಾಚಿಕೊಳ್ಳಬೇಡಿ, ಫೈನ್ ಹಾಕುವುದಿಲ್ಲ, ನನ್ನ ಕೆಲಸ ಮುಗಿದಿದೆ. ಕೈ ಎತ್ತಿ. ಇನ್ನೂ ಮೇಲೆ.

ಅಬ್ಬಬ್ಬಾ. ಹಿಂದಿನ ಸಾಲಿನವರೂ. ಲಾರಿಯವರು, ಆಟೋದವರು, ಮುಖ್ಯ ಅತಿಥಿಗಳ ಡ್ರೈವರೂ.

ಹಾಗೇ ಇರಲಿ, ಕೈ ಇಳಿಸಬೇಡಿ. ರಮ್ಯಾ, ಹಿಂದಕ್ಕೆ ತಿರುಗಿ ನೋಡು. ನಾಳೆ ನೀನು ಬಗ್ಗಿ ಕಲ್ಲು ಎತ್ತುವಾಗ ಹಿಂದಿನಿಂದ ಬರುವವರು ಇವರೇ. ಸ್ವಾಮಿ, ಅಲ್ಲಿ ಗಾಡಿಗಳು ನಿಂತಿರುವುದು ಕಂಡರೆ ಎಡಕ್ಕೆ ಎಳೆಯಬೇಡಿ, ನೀವೂ ನಿಲ್ಲಿ. ಅವಳ ಮುಖ ಈಗ ಚೆನ್ನಾಗಿ ನೋಡಿಕೊಳ್ಳಿ, ನನಗೆ ಇರುವುದು ಅವಳೊಬ್ಬಳೇ.

ಕೈ ಇಳಿಸಬಹುದು. ಬಿಸಿಲಿನಲ್ಲಿ ನಿಂತವನನ್ನು ನೆರಳಿಗೆ ಕರೆದು ಪೇಟ ತೊಡಿಸಿದ ಸಂಘಕ್ಕೂ, ಕಾರು ಕೆಟ್ಟರೂ ಬಂದ ಅತಿಥಿಗಳಿಗೂ, ಅದನ್ನು ತಳ್ಳಿದ ನನ್ನ ಹುಡುಗರಿಗೂ, ಆರಿದ ಪಲಾವ್ ತಿನ್ನಲಿರುವ ನಿಮಗೆಲ್ಲರಿಗೂ ನನ್ನ ವಂದನೆಗಳು. ನಮಸ್ಕಾರ. ನಾಳೆ ನಿಧಾನವಾಗಿ ಬನ್ನಿ.