ಮೂರನೇ ತೊಟ್ಟಿಗೆ ಉತ್ತರ

ಅವತ್ತು ಗುರುವಾರ. ನನ್ನ ತಮ್ಮ ಎಲ್ಪಿಡಿಯೊ ಕಾಫಿ ಕುಡಿದ, ಅರ್ಧ ಮರಗೆಣಸಿನ ರೊಟ್ಟಿ ಜೇಬಿಗಿಳಿಸಿ ಹಡಗುಕಟ್ಟೆಗೆ ಹೊರಟ. ನಾನು ಶಾಲೆಯಲ್ಲಿ ಭಾಗಾಕಾರ ಹೇಳಿಕೊಡುತ್ತಿದ್ದೆ.

ನಮ್ಮ ನೌಕಾಪಡೆ ಇಂಗ್ಲೆಂಡಿನಲ್ಲಿ ಕಟ್ಟಿಸುತ್ತಿದ್ದ ಡಿಸ್ಟ್ರಾಯರ್ ಹಡಗುಗಳನ್ನು, ಯುದ್ಧ ಬಂತೆಂದು ಇಂಗ್ಲಿಷರೇ ಇಟ್ಟುಕೊಂಡರು. ಹಾಗಾದರೆ ರಿಯೊದಲ್ಲೇ ಕಟ್ಟುತ್ತೇವೆ ಎಂದು ನಮ್ಮವರಿಗೆ ಹಟ. ಅಂಥದೊಂದು ಹಡಗನ್ನು ಅಂದು ಮಧ್ಯಾಹ್ನ ನೀರಿಗಿಳಿಸಬೇಕಿತ್ತು. ಮಂತ್ರಿ ಬರುವವರಿದ್ದರು.

ಹಡಗಿನ ತಳದ ಮೂರನೇ ತೊಟ್ಟಿಗೆ ತಮ್ಮ ಬಣ್ಣ ಬಳಿಯುತ್ತಿದ್ದ. ಮುಚ್ಚಿದ ಕಬ್ಬಿಣ, ತಲೆ ತಿರುಗಿಸುವ ಘಾಟು. ಅದಕ್ಕೇ ಒಂದು ಕ್ರಮವಿತ್ತು. ಒಳಗಿನವನು ಆಗಾಗ ಎರಡು ಸಲ ಬಡಿಯಬೇಕು: ಟಕ್ ಟಕ್. ತೊಟ್ಟಿಯ ಬಾಯಲ್ಲಿ ಕೂತವನು ಸುತ್ತಿಗೆಯಿಂದ ಒಂದು ಏಟು ಕೊಡಬೇಕು: ಠಣ್. ಒಳಗಿನ ಸದ್ದು ನಿಂತರೆ ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಎಳೆಯಬೇಕು.

ಬಾಯಲ್ಲಿ ಕೂತವನು ನಮ್ಮ ಚಿಕ್ಕಪ್ಪನ ಮಗ ಜಂದೀರ್. ಹತ್ತು ಗಂಟೆಗೆ ಮೇಸ್ತ್ರಿ ವಾಲ್ಡೊಮಿರೊ ಬಂದು, "ಎದ್ದೇಳೋ, ಬಾವುಟ ಕಟ್ಟೋಕೆ ಜನ ಇಲ್ಲ" ಎಂದ. ಜಂದೀರ್ ಎದ್ದು ಹೋದ. ತಮ್ಮನನ್ನು ಹೊರಗೆಳೆದಾಗ ಉಸಿರಿರಲಿಲ್ಲ.

ಮೇಸ್ತ್ರಿ ವರದಿಯಲ್ಲಿ ಬರೆಸಿದ್ದು: 'ಕುಡಿದಿದ್ದ.' ಹೆಂಡದ ವಾಸನೆಗೇ ಮುಖ ಸಿಂಡರಿಸುತ್ತಿದ್ದ ಹುಡುಗ! ಅದಕ್ಕೆ ಸಾಕ್ಷಿ ಸಹಿ ಹಾಕಿದವನೂ ಜಂದೀರನೇ. ಆ ಮಾತು ಅಳಿಸಿಹಾಕುವವರೆಗೆ ಚರ್ಚಿಗೆ ಕಾಲಿಡುವುದಿಲ್ಲ ಎಂದಳು ಅಮ್ಮ.

ಹತ್ತು ತಿಂಗಳ ನಂತರ... ಒಂದು ಸಂಜೆ ನಾನು ಗುಡ್ಡದ ಕೆಳಗಿನ ಬಾವಿ ದಾಟಿ ಮನೆಗೆ ಬರುತ್ತಿದ್ದೆ. ಬಾವಿಕಟ್ಟೆಯ ಮೇಲೆ ಜಂದೀರ್ ಕೂತಿದ್ದ. ನೀರಿಗಿಳಿದ ಹಡಗಿನ ಉಳಿದ ಕೆಲಸ ಕಟ್ಟೆಯಲ್ಲೇ ನಡೆದಿತ್ತು, ಅವನೂ ಅಲ್ಲೇ ದುಡಿಯುತ್ತಿದ್ದ.

"ಅಕ್ಕಾ... ಅವನು ಬಡೀತಿದಾನೆ."

"ಯಾರೋ?"

"ಮೂರನೇ ತೊಟ್ಟೀಲಿ... ಹತ್ತು ಗಂಟೆಗೆ. ದಿನಾ."

"ಉತ್ತರ ಕೊಟ್ಟೆಯಾ?"

"ಇಲ್ಲ... ಓಡಿಬಂದೆ."

"ಮತ್ತೆ ಓಡಿಬಂದೆಯಾ, ಹೇಡಿ? ಎರಡನೇ ಸಲ?"



ಮರುದಿನ ಹತ್ತಕ್ಕೆ, ಹಡಗಿನಲ್ಲಿ... ಟಕ್ ಟಕ್. ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು.

"ಇಲಿ ಕಣ್ರೋ," ಎಂದ ಮೇಸ್ತ್ರಿ.

"ನೀರು ತುಂಬಿರೋ ತೊಟ್ಟೀಲಿ ಇಲಿನಾ, ಮೇಸ್ತ್ರಿ?" ಜಂದೀರ್ ಕೇಳಿದ. "ಅದಕ್ಕೂ ಹೆಂಡ ಕುಡಿಸಿದೀರಾ?"

ಟಕ್ ಟಕ್. ಟಕ್ ಟಕ್... ಬಡಿತ ಜೋರಾಯಿತು. ಜಂದೀರ್ ಸುತ್ತಿಗೆ ಎತ್ತಿ ಒಂದೇ ಏಟು ಕೊಟ್ಟ. ಠಣ್.

ನಿಂತಿತು.

ಅಲ್ಲಿಂದ ಅವನು ನೇರ ಕಚೇರಿಗೆ ಹೋದ. ತಾನು ಎದ್ದು ಹೋದದ್ದು, ಎಬ್ಬಿಸಿದ್ದು ಯಾರು, ಎಲ್ಲ ಹೇಳಿದ. ವರದಿ ಬದಲಾಗಲಿಲ್ಲ. ಜಂದೀರನ ಕೆಲಸ ಹೋಯಿತು. ಮೇಸ್ತ್ರಿಗೆ ಪದಕ ಬಂತು. ಅಮ್ಮ ಚರ್ಚಿಗೆ ಹೋಗದೆಯೇ ತೀರಿಕೊಂಡಳು.

ಹೊರಡುವ ದಿನ ಜಂದೀರ್ ಆ ಸುತ್ತಿಗೆಯನ್ನು ತೊಟ್ಟಿಯ ಬಾಯಿಯ ಪಕ್ಕ ಮೊಳೆಗೆ ತೂಗುಹಾಕಿ ಬಂದನಂತೆ.

ಇದು ನಡೆದದ್ದು. ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು ನಾನು, ಒಂದಕ್ಕೆ ಒಂದು ಸೇರಿಸಿ ಹೇಳುವ ಅಭ್ಯಾಸವಿಲ್ಲ. ಹಡಗು ಕೊನೆಗೂ ಸಮುದ್ರಕ್ಕೆ ಹೋದ ಮೇಲೆ, ಅದರಲ್ಲಿ ನಾವಿಕನಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಲ್ಪಿಡಿಯೊ ನನ್ನ ತಮ್ಮನೆಂದು ಅವನಿಗೆ ಗೊತ್ತಿರಲಿಲ್ಲ. ಯಾರು ಶುರು ಮಾಡಿದರೋ, ಹಡಗಿನ ದಿನಚರಿ ಪುಸ್ತಕದಲ್ಲಿ ದಿನವೂ ಒಂದು ಸಾಲು ಬರೆಯುತ್ತಾರೆ ಎಂದ:

'ಬೆಳಿಗ್ಗೆ ಹತ್ತು ಗಂಟೆ. ಮೂರನೇ ತೊಟ್ಟಿಗೆ ಉತ್ತರ ಕೊಡಲಾಗಿದೆ.'