ಲತಾಮಣಿ ಮೇಡಂ ತಮ್ಮ ಮೇಲೆ ಹಾಕಿಕೊಂಡ ತಪ್ಪು

ಎಲ್ಲರಿಗೂ ನಮಸ್ಕಾರ. ಜೈ ಭೀಮ್.

ಲತಾಮಣಿ ಮೇಡಂ ಅವರ ಯಜಮಾನರಾದ ದೇವರಾಜ್ ಅವರೇ, ಮಗಳು ರಮಾ, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ಬಂದಿರುವ ಮೇಡಂ ಅವರ ತಾಯಿ ಗಿಡ್ಡಮ್ಮನವರೇ, ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ — ಹಾರನಹಳ್ಳಿ ಕಡೆಯ ಗುಡ್ಡದ ತಪ್ಪಲಿನಿಂದ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಟೆಂಪೋ ಹತ್ತಿ ಬಂದಿರುವ ತಾಯಂದಿರೇ.

ನನ್ನ ಹೆಸರು ಪುನೀತ್. ಈ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಮೇಡಂ ಪ್ರಾಣಿಶಾಸ್ತ್ರದವರು. ಒಂಬತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು. ಐದು ನಿಮಿಷದಲ್ಲಿ ಮುಗಿಸಬೇಕು ಎಂದಿದ್ದಾರೆ. ಸ್ವಲ್ಪ ಹೆಚ್ಚಾಗುತ್ತದೆ, ಸಹಿಸಿಕೊಳ್ಳಿ. ಮೇಡಂ ಅವರ ಕಡೆಯ ದಿನಗಳಲ್ಲಿ ಆಸ್ಪತ್ರೆ, ಮನೆ, ಕಾಲೇಜು ಎಂದು ಓಡಾಡಿ ದಣಿದಿದ್ದೇನೆ. ನಿಂತು ಮಾತನಾಡುವ ತ್ರಾಣವೂ ಅಷ್ಟಾಗಿ ಇಲ್ಲ. ಆದರೆ ಇವತ್ತು ಹೇಳದೆ ಹೋದರೆ ನಾನು ಇನ್ನು ಯಾವತ್ತೂ ಹೇಳುವುದಿಲ್ಲ — ನನ್ನ ಬಗ್ಗೆ ಅಷ್ಟು ನನಗೆ ಗೊತ್ತಿದೆ.

ನನಗಿಂತ ಮೊದಲು ಮಾತನಾಡಿದ ಸಮಾಜಶಾಸ್ತ್ರದ ಸಿದ್ಧಾರ್ಥ ಅವರು, ಮೂರು ಶಾಸ್ತ್ರಗಳನ್ನು ಒಂದೇ ಕಡೆ ಕೂರಿಸಿದವರು ಮೇಡಂ ಎಂದರು. ನಿಜ. ಕರಡಿ ಯಾವಾಗ ಎಲ್ಲಿ ಓಡಾಡುತ್ತದೆ ಎಂದು ಮೇಡಂ ನೋಡುತ್ತಿದ್ದರು. ಜನ ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತಾರೆ, ಯಾರ ಮಾತನ್ನು ನಂಬುತ್ತಾರೆ ಎಂದು ಸಿದ್ಧಾರ್ಥ ನೋಡುತ್ತಿದ್ದರು. ಇವೆರಡನ್ನೂ ತಿಳಿದುಕೊಂಡು, ಕರಡಿ ಬಂದಾಗ ಜನರನ್ನು ಎಚ್ಚರಿಸುವ ಒಂದು ಯಂತ್ರ ಮಾಡುವುದು ನನ್ನ ಪಾಲಿನ ಕೆಲಸ. ಹೇಳುವುದಕ್ಕೆ ಎಷ್ಟು ಸುಲಭ. ಆ ಮೂರೂ ಸೇರುವಷ್ಟರಲ್ಲಿ ನಮ್ಮ ಕೂದಲು ಬೆಳ್ಳಗಾದವು.

ಮೇಡಂ ಹೇಗಿದ್ದರು ಎಂದು ಹೊಸ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಒಮ್ಮೆ ಹಾರನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಮೇಡಂ ಮಡಿಲಲ್ಲಿ ಸ್ಟೀಲಿನ ಟಿಫಿನ್ ಕ್ಯಾರಿಯರ್. ಹೀಗೆ — ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದಾರೆ. ಕಂಡಕ್ಟರ್ ಪರಿಚಯದವರು. ದೇವರಾಜ್ ಅವರೂ ಅದೇ ಡಿಪೋದಲ್ಲಿ ಇದ್ದವರಲ್ಲವೇ. "ಏನ್ ಮೇಡಂ, ಊಟಾನ ಹಂಗೇ ವಾಪಸ್ ತಗೊಂಡ್ ಹೋಯ್ತಾ ಇದೀರ," ಎಂದರು. ಮೇಡಂ ನಗದೆ ಹೇಳಿದರು: "ಊಟ ಅಲ್ಲ ಕಣಪ್ಪ, ಕರಡಿ ಹಿಕ್ಕೆ. ಅದು ನಿನ್ನೆ ಏನ್ ತಿಂದಿತ್ತು ಅಂತ ನೋಡ್ಬೇಕು." ಮುಂದಿನ ಬಾಗಿಲಿಗೆ ಹೋದ ಕಂಡಕ್ಟರ್ ಅರಸೀಕೆರೆ ಬರುವ ತನಕ ಹಿಂದಕ್ಕೆ ಬರಲಿಲ್ಲ.

ದೇವರಾಜ್ ಅವರೇ, ನೀವು ನಕ್ಕಿದ್ದು ನೋಡಿ ನನಗೆ ಸಮಾಧಾನವಾಯಿತು.

ಆ ಹಿಕ್ಕೆಯಲ್ಲಿ ಎಲಚಿ ಬೀಜ ಸಿಕ್ಕರೆ ಕರಡಿ ಗುಡ್ಡದ ಯಾವ ಮಗ್ಗುಲಲ್ಲಿದೆ ಎಂದು ಮೇಡಂ ಹೇಳುತ್ತಿದ್ದರು. ಬೇಸಿಗೆಯಲ್ಲಿ ನೀರಿಗೆ ಯಾವ ದಾರಿಯಲ್ಲಿ ಇಳಿಯುತ್ತದೆ, ಬೆಳಗಾಗುತ್ತಿದ್ದ ಹಾಗೆ ಬಂಡೆಗಳ ಕಡೆಗೆ ಯಾವ ದಾರಿಯಲ್ಲಿ ಹತ್ತುತ್ತದೆ — ಎಲ್ಲವೂ ಅವರ ನೋಟ್‌ಬುಕ್ಕಿನಲ್ಲಿತ್ತು. ತೊಂದರೆ ಏನೆಂದರೆ, ಕರಡಿ ಗುಡ್ಡಕ್ಕೆ ಮರಳುವ ಹೊತ್ತೂ ಹೆಂಗಸರು ಹುಲ್ಲಿಗೆ ಹೊರಡುವ ಹೊತ್ತೂ ಒಂದೇ.

ಗುಡ್ಡದ ತಪ್ಪಲಿನ ಒಂದು ಊರಿಗೆ ನಾನು ಮೊದಲು ಮಾಡಿದ್ದು ಮೊಬೈಲ್ ಸಂದೇಶದ ವ್ಯವಸ್ಥೆ. ಕರಡಿ ಕಂಡವರು ಒಂದು ನಂಬರಿಗೆ ಫೋನ್ ಮಾಡಿದರೆ ಊರಿನವರಿಗೆಲ್ಲ ಸಂದೇಶ ಹೋಗುತ್ತದೆ. ನನಗೋ ಬಹಳ ಹೆಮ್ಮೆ. ತಿಂಗಳಾದ ಮೇಲೆ ಮೇಡಂ ಆ ಊರಿಗೆ ಹೋಗಿ ಮಾದಮ್ಮನವರನ್ನು ವಿಚಾರಿಸಿದರು. ಮಾದಮ್ಮನವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಎರಡು ಹಸು ಸಾಕಿದ್ದಾರೆ, ದಿನಾ ಬೆಳಿಗ್ಗೆ ಹಾಲು ಹಾಕಿ ಹುಲ್ಲಿಗೆ ಹೋಗುವವರು. ಅವರು ಮೇಡಂಗೆ ಹೇಳಿದ್ದು ಇಷ್ಟೇ: "ಫೋನು ನಮ್ಮೆಜಮಾನ್ರ ಜೇಬಲ್ಲಿ ಐತೆ ಕಣಕ್ಕ. ಅವ್ರು ಪ್ಯಾಟೆಗೆ ಹೋಗವ್ರೆ. ಕರಡಿ ಇರದು ನಾನ್ ಹೋಗೋ ದಾರೀಲಿ."

ಮೇಡಂ ವಾಪಸ್ ಬಂದು ನನಗೆ ಬೈಯಲಿಲ್ಲ. "ಪುನೀತ್, ನಿಮ್ಮ ಯಂತ್ರ ಸರಿಯಾಗೇ ಇದೆ. ಅದು ಇರೋ ಜೇಬು ಸರಿ ಇಲ್ಲ," ಎಂದರು. ಮಾರನೆಯ ದಿನದಿಂದ ಬೆಳಿಗ್ಗೆ ಆರಕ್ಕೆಲ್ಲ ಹೋಗಿ ಆ ಊರಿನ ಹಾಲಿನ ಡೈರಿಯ ಮುಂದೆ ಕೂರಲು ಶುರು ಮಾಡಿದರು. ಅಲ್ಲಿ ಅವರಿಗೆ ಕುರ್ಚಿ ಕೊಡುವುದೋ ಬೇಡವೋ ಎಂದು ಯೋಚಿಸಿದವರಿದ್ದರು. ಯಾಕೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೇಡಂ ಒಂದು ಹಿಂಡಿ ಚೀಲದ ಮೇಲೆ ಕೂತರು. ಎರಡು ತಿಂಗಳು ಕೂತರು. ಎಲ್ಲ ಹೆಂಗಸರೂ ದಿನಕ್ಕೆರಡು ಸಲ ತಪ್ಪದೆ ಬರುವ ಜಾಗ ಅದೊಂದೇ, ಎಲ್ಲಿಗೆ ಹುಲ್ಲಿಗೆ ಹೋಗುವುದೆಂದು ಅವರು ಮಾತಾಡಿಕೊಳ್ಳುವುದೂ ಅಲ್ಲೇ — ಇದನ್ನು ಕಂಡುಕೊಂಡು ಬಂದರು.

ಹಾಗೆ ನಮ್ಮ ಪೆಟ್ಟಿಗೆ ಡೈರಿಯ ಗೋಡೆಗೆ ಬಂತು. ಮೂರು ಗುಂಡಿ: ಗುಡ್ಡದ ಕಡೆ, ಕೆರೆ ಕಡೆ, ತೋಪಿನ ಕಡೆ. ಕರಡಿ ಕಂಡವರು ಓಡಿ ಬಂದು ಗುಂಡಿ ಒತ್ತಿದರೆ ಮೇಲಿನ ಸ್ಪೀಕರ್ ಕೂಗುತ್ತದೆ. ಯಾರ ದನಿ ಹಾಕುವುದು ಎಂಬ ಪ್ರಶ್ನೆ ಬಂದಾಗ, ರೇಡಿಯೋದವರ ಹಾಗೆ ಓದುವವರು ಬೇಡ ಎಂದರು ಮೇಡಂ. ಮಾದಮ್ಮನವರೇ ಹೇಳಿದರು: "ಕೆರೆ ಕಡೆ ಕರಡಿ ಐತೆ ಕಣ್ರವ್ವಾ. ಹೋಗ್ಬ್ಯಾಡಿ." ಆ ದನಿ ಕೇಳಿದರೆ ಊರೇ ನಿಲ್ಲುತ್ತಿತ್ತು. ಎಂಟು ತಿಂಗಳಲ್ಲಿ ಹನ್ನೊಂದು ದಿನ ಕೂಗಿತು. ಯಾರಿಗೂ ಏನೂ ಆಗಲಿಲ್ಲ.

ಈಗ ನಾನು ಹೇಳಬೇಕಾದ ವಿಷಯ.

ಡೈರಿಯ ಸೆಕ್ರೆಟರಿ ಹುಚ್ಚಣ್ಣನವರು ಒಂದು ದಿನ ನನಗೆ ಫೋನ್ ಮಾಡಿದರು. "ಒಂದೇ ಕರಡಿಗೆ ಹತ್ತು ಜನ ಬಂದು ಒತ್ತವ್ರೆ ಸಾ. ಅದು ಬಡ್ಕೊಂಡಂಗೆಲ್ಲ ಹಾಲು ಅಳೆಯಕ್ಕೆ ಆಯ್ತಾ ಇಲ್ಲ. ಏನಾರ ಮಾಡಿ," ಎಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಹೋಗಿ ಹತ್ತು ನಿಮಿಷದಲ್ಲಿ ಒಂದು ಬದಲಾವಣೆ ಮಾಡಿದೆ. ಒಮ್ಮೆ ಕೂಗಿದ ಮೇಲೆ ನಲವತ್ತು ನಿಮಿಷ ಯಾರು ಒತ್ತಿದರೂ ಪೆಟ್ಟಿಗೆ ಕೂಗಬಾರದು. ಅದೇ ಗುಂಡಿಗೆ ಮಾತ್ರ ಹಾಗೆ ಮಾಡಬೇಕಿತ್ತು. ನಾನು ಮೂರಕ್ಕೂ ಸೇರಿಸಿ ಮಾಡಿದೆ. ಅವಸರದಲ್ಲಿದ್ದೆ. ಹನ್ನೊಂದು ಗಂಟೆಗೆ ನನಗೆ ಕ್ಲಾಸಿತ್ತು.

ಮೇಡಂ ಒಂದು ನಿಯಮ ಮಾಡಿದ್ದರು — ಪೆಟ್ಟಿಗೆಯಲ್ಲಿ ಒಂದು ಸ್ಕ್ರೂ ಬದಲಾದರೂ ಮೊದಲು ಊರಿನ ಹೆಂಗಸರಿಗೆ ಹೇಳಬೇಕು. ನಾನು ಹೆಂಗಸರಿಗೂ ಹೇಳಲಿಲ್ಲ. ಮೇಡಂಗೂ ಹೇಳಲಿಲ್ಲ.

ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಬೆಳಿಗ್ಗೆ ಆರೂವರೆಗೆ ಯಾರೋ ಗುಡ್ಡದ ಗುಂಡಿ ಒತ್ತಿದರು. ಪೆಟ್ಟಿಗೆ ಕೂಗಿತು. ಮಾದಮ್ಮನವರು ತಮ್ಮ ದನಿ ತಾವೇ ಕೇಳಿ, ಗುಡ್ಡ ಬೇಡವೆಂದು ಕೆರೆ ಏರಿಯ ಕಡೆಗೆ ನಡೆದರು. ಇಪ್ಪತ್ತು ನಿಮಿಷಕ್ಕೆ ಹುಚ್ಚಣ್ಣನವರ ಹೆಂಡತಿ ವಸಂತಮ್ಮ ಓಡಿ ಬಂದರು. ಕರಡಿ ಗುಡ್ಡ ಬಿಟ್ಟು ಕೆರೆ ಕಡೆ ಇಳಿದಿತ್ತು. ಅವರು ಕೆರೆಯ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಪೆಟ್ಟಿಗೆ ಸುಮ್ಮನಿತ್ತು.

ಮಾದಮ್ಮನವರು ಆಗ ಸ್ಪೀಕರ್ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದರು. ಏರಿಯ ಮೇಲೆ ಹತ್ತುವ ಮುಂಚೆ ನಿಂತು ಒಂದು ಗಳಿಗೆ ಕಿವಿಗೊಟ್ಟರಂತೆ. ಕೂಗು ಕೇಳಲಿಲ್ಲ. ಹತ್ತಿದರು.

ಅವರ ಎಡಗಣ್ಣು ಹೋಯಿತು. ದವಡೆ ಮುರಿಯಿತು. ಹಾಸನದ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇದ್ದರು. ಮೇಡಂ ಆ ಇಪ್ಪತ್ತಾರು ದಿನವೂ ಕಾಲೇಜು ಮುಗಿಸಿಕೊಂಡು ಹಾಸನಕ್ಕೆ ಹೋಗಿ ಬರುತ್ತಿದ್ದರು. ನಾನು ಎರಡು ಸಲ ಹೋದೆ. ಬಾಗಿಲ ತನಕ.

ಮೂರನೆಯ ದಿನವೇ ಮೇಡಂ ಪೆಟ್ಟಿಗೆ ಬಿಚ್ಚಿಸಿ ನೋಡಿದ್ದರು. ನನ್ನನ್ನು ಲ್ಯಾಬಿಗೆ ಕರೆದರು. ನಾನು ಒಪ್ಪಿಕೊಂಡೆ. ಅವರು ಹೇಳಿದರು: "ಯಂತ್ರ ಕೂಗಿದ್ರೆ ಜನ ಏನ್ ಮಾಡ್ತಾರೆ ಅಂತ ಎಂಟು ತಿಂಗಳು ನೋಡಿದ್ವಿ. ಅದು ಸುಮ್ಮನಿದ್ರೆ ಏನ್ ಮಾಡ್ತಾರೆ ಅಂತ ನಾನು ಒಂದು ದಿನಾನೂ ನೋಡ್ಲಿಲ್ಲ. ಸುಮ್ಮನಿದ್ರೆ ದಾರಿ ಸುರಕ್ಷಿತ ಅಂತ ಅವರಿಗೆ ಕಲಿಸಿದ್ದು ನಾನು."

ಇಲಾಖೆಯ ವಿಚಾರಣೆ ನಡೆಯಿತು. ಬದಲಾವಣೆ ಯಾರ ತೀರ್ಮಾನ ಎಂದು ಕೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಆಗ ನಾನು ಅತಿಥಿ ಉಪನ್ಯಾಸಕ. ನನ್ನ ಹೆಸರು ಬಂದಿದ್ದರೆ ಮರುದಿನದಿಂದ ಕೆಲಸ ಇರುತ್ತಿರಲಿಲ್ಲ. ಮೇಡಂ ನನ್ನ ಕಡೆ ನೋಡಲಿಲ್ಲ. "ಯೋಜನೆ ನನ್ನದು. ತೀರ್ಮಾನವೂ ನನ್ನದು," ಎಂದು ಬರೆದು ರುಜು ಹಾಕಿದರು.

ನಾನು ಬಾಯಿ ಬಿಡಲಿಲ್ಲ.

ಯೋಜನೆ ನಿಂತಿತು. ಮೇಡಂಗೆ ಬೇಲೂರಿಗೆ ವರ್ಗವಾಯಿತು. ಮತ್ತೆ ಈ ಕಾಲೇಜಿಗೆ ಬರುವ ತನಕ ಮೂರು ವರ್ಷ ದಿನಾ ಬೆಳಿಗ್ಗೆ ಅರಸೀಕೆರೆಯಲ್ಲಿ ಬಸ್ಸು ಹತ್ತಿ, ಜಾವಗಲ್, ಹಳೇಬೀಡು ದಾಟಿ ಬೇಲೂರು; ಸಂಜೆ ಅದೇ ದಾರಿಯಲ್ಲಿ ವಾಪಸ್. ರಮಾ, ಆಗ ನೀನು ಹೈಸ್ಕೂಲಿನಲ್ಲಿದ್ದೆ. "ನಿಮ್ಮಮ್ಮನೇ ಆ ಹೆಂಗಸನ್ನ ಕರಡಿ ಬಾಯಿಗೆ ಕಳ್ಸಿದ್ದು" ಎಂದು ಕ್ಲಾಸಿನಲ್ಲಿ ಅಂದರಂತೆ. ನೀನು ಮನೆಗೆ ಬಂದು ಅಮ್ಮನನ್ನು ಕೇಳಿದೆಯಂತೆ. ಆಗಲೂ ನಿಮ್ಮಮ್ಮ ನನ್ನ ಹೆಸರು ಹೇಳಲಿಲ್ಲ. ಒಬ್ಬ ತಾಯಿ ಮಗಳ ಮುಂದೆ ತಪ್ಪಿತಸ್ಥೆಯಾಗಿ ನಿಂತಿದ್ದು ನನ್ನ ಕೆಲಸ ಉಳಿಸಲಿಕ್ಕೆ. ಅದನ್ನು ನಿನಗೆ ಈಗ ಹೇಳುತ್ತಿದ್ದೇನೆ. ಆರು ವರ್ಷ ತಡವಾಗಿ.

ಮೇಡಂ ಮಾತ್ರ ಆ ಊರನ್ನು ಬಿಡಲಿಲ್ಲ. ಯೋಜನೆ ಇಲ್ಲ, ಪೆಟ್ಟಿಗೆ ಇಲ್ಲ, ಅನುಮತಿ ಇಲ್ಲ. ಆದರೂ ಪ್ರತಿ ಭಾನುವಾರ ಡೈರಿಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಯಾರೂ ಮಾತಾಡಿಸುತ್ತಿರಲಿಲ್ಲ. ಅದು ಹೇಗಿದ್ದಿರಬಹುದು ಎಂದು ಯೋಚಿಸಿ. ಐದು ತಿಂಗಳಾದ ಮೇಲೆ ಮೊದಲು ಮಾತಾಡಿದವರು ಮಾದಮ್ಮನವರೇ. "ಲತಕ್ಕ, ಆ ಪೆಟ್ಟಿಗೆ ಒಳಗೆ ನನ್ ದನಿ ಇತ್ತಲ್ಲ, ಅದೇನಾತು?" ಎಂದು ಕೇಳಿದರಂತೆ.

ಅಲ್ಲಿಂದ ಎರಡನೆಯ ಪೆಟ್ಟಿಗೆ ಶುರುವಾಯಿತು. ಅದು ಮುಗಿಯಲು ಮೂರು ವರ್ಷ ಹಿಡಿಯಿತು. ಈ ಸಲ ಹೆಂಗಸರು ಹೇಳಿದರು, ಮೇಡಂ ಕರೆದ ಮೇಲೆ ಹೋಗಿ ನಾನು ಬರೆದುಕೊಂಡೆ. ಈ ಪೆಟ್ಟಿಗೆ ಬೆಳಿಗ್ಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ ಮಾತಾಡುತ್ತದೆ. ಕರಡಿ ಕಂಡಿಲ್ಲದಿದ್ದರೆ "ಯಾರೂ ನೋಡಿಲ್ಲ, ಇಲ್ಲ ಅಂತ ಅನ್ಕೋಬ್ಯಾಡಿ, ಜೊತೇಲಿ ಹೋಗಿ" ಎನ್ನುತ್ತದೆ. ಮಾತು ಕೇಳಲಿಲ್ಲ ಎಂದರೆ ಪೆಟ್ಟಿಗೆ ಕೆಟ್ಟಿದೆ ಎಂದೇ ಅರ್ಥ, ಯಾರೂ ಹೊರಡುವುದಿಲ್ಲ. ದನಿ ತುಂಬುವ ದಿನ ಬಂದಾಗ ನಾನು ತಲೆ ತಗ್ಗಿಸಿಕೊಂಡು, ಈ ಸಲ ಬೇರೆ ಯಾರಾದರೂ ಹೇಳಲಿ ಎಂದೆ. ದವಡೆ ಸರಿಯಾಗಿ ಕೂಡದೆ ಮಾದಮ್ಮನವರ ಮಾತು ತೊದಲುತ್ತಿತ್ತು. ಮೇಡಂ ಮಾದಮ್ಮನವರನ್ನೇ ಕೇಳಿದರು. ಅವರು ಹೇಳಿದರು:

"ನನ್ ದನೀನೇ ಇರ್ಲಿ. ಈ ದನಿ ಕೇಳಿ ಯಾರೂ ಅಸಡ್ಡೆ ಮಾಡಕಿಲ್ಲ."

ಇವತ್ತು ನಾಲ್ಕು ಊರಿನಲ್ಲಿ ಆ ದನಿ ಇದೆ. ಅಪಾಯ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಕಳೆದ ಚಳಿಗಾಲದಲ್ಲಿ ಒಬ್ಬರ ತೋಳಿಗೆ ಗಾಯವಾಯಿತು. ಮೇಡಂ ಹಾಸಿಗೆಯಲ್ಲಿದ್ದರೂ ಫೋನ್ ಮಾಡಿ, ಅವರು ಪೆಟ್ಟಿಗೆಯ ಮಾತು ಕೇಳಿದ್ದರೋ, ಕೇಳಿಯೂ ಹೊರಟರೋ ಎಂದು ವಿಚಾರಿಸಿದರು. ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು ಆಗ.

ಎರಡು ವರ್ಷದ ಹಿಂದೆ ನನ್ನ ಕೆಲಸ ಕಾಯಂ ಆಯಿತು. ಆ ವಾರವೇ ಮೇಡಂ ಹತ್ತಿರ ಹೋಗಿ, ಈಗ ನಿಜ ಹೇಳಿಬಿಡುತ್ತೇನೆ ಎಂದೆ. "ಬಿಡು ಪುನೀತ, ಈಗ ಯಾಕೆ," ಎಂದರು. ಅಷ್ಟು ವರ್ಷದಲ್ಲಿ ನನ್ನನ್ನು ಏಕವಚನದಲ್ಲಿ ಕರೆದಿದ್ದು ಅದೇ ಮೊದಲು. ಅದು ಪ್ರೀತಿಯ ಮಾತು. ನಾನು ಅದನ್ನು ಅನುಮತಿ ಎಂದುಕೊಂಡೆ. ನನಗೆ ಅನುಕೂಲವಾಗಿತ್ತು, ಸುಮ್ಮನಾದೆ.

ನಿನ್ನೆ ಮಾದಮ್ಮನವರ ಮನೆಗೆ ಹೋಗಿದ್ದೆ. ಈ ವೇದಿಕೆಯಿಂದ ಅವರು ಇದ್ದಕ್ಕಿದ್ದ ಹಾಗೆ ಕೇಳುವುದು ಬೇಡ ಎಂದು ಮೊದಲೇ ಎಲ್ಲ ಹೇಳಿದೆ. ಅವರು ಹಸುವಿಗೆ ನೀರು ಇಡುತ್ತಿದ್ದರು. ಇಟ್ಟು ಮುಗಿಸಿ, ಜಗುಲಿಯ ಮೇಲೆ ಕೂತರು.

"ಈಗ ಯೋಳಿದ್ರೆ ನನ್ ಕಣ್ಣು ಬತ್ತದಾ ಸಾ?"

ಇಲ್ಲ ಎಂದೆ.

"ನಿಮ್ಮುನ್ನ ಕ್ಷಮಿಸ್ತೀನಿ ಅಂತ ನಾನ್ ಯೋಳಕಿಲ್ಲ. ನಂಗೆ ಗೊತ್ತಿಲ್ಲ. ಆದ್ರೆ ನಾಳೆ ಅಲ್ಲಿ ಯೋಳಿ. ಆಯಮ್ಮನ ಮಗ್ಳು ಕೇಳಿಸ್ಕಳ್ಳಿ."

ಹೇಳಿದ್ದೇನೆ. ಬೆಳಿಗ್ಗೆ ಇದೆಲ್ಲವನ್ನೂ ಬರೆದು, ರುಜು ಹಾಕಿ, ಆ ವಿಚಾರಣೆಯ ಕಡತಕ್ಕೆ ಸೇರಿಸಲು ಪ್ರಾಂಶುಪಾಲರ ಕೈಗೆ ಕೊಟ್ಟಿದ್ದೇನೆ. ತೀರಿಹೋದವರ ಕಡತವನ್ನು ಯಾರು ತೆಗೆದು ನೋಡುತ್ತಾರೋ ಗೊತ್ತಿಲ್ಲ. ನನಗೆ ಏನಾಗುತ್ತದೋ ಆಗಲಿ. ಅದರ ಬಗ್ಗೆ ಯೋಚಿಸುವಷ್ಟು ಶಕ್ತಿ ಇವತ್ತು ಇಲ್ಲ.

ಲತಾಮಣಿ ಮೇಡಂ ದೊಡ್ಡ ವಿಜ್ಞಾನಿ ಎಂದು ಇಲ್ಲಿ ಬಹಳ ಜನ ಹೇಳಿದರು. ನನಗೆ ಕಂಡಿದ್ದು ಇಷ್ಟು. ತಪ್ಪಾದ ಮೇಲೆ ಆ ಊರಿಗೆ ಮತ್ತೆ ಹೋಗಿ ನಿಂತವರು ಅವರು. ಅವರು ಕರೆಯುವ ತನಕ ಹೋಗದೆ ಇದ್ದವನು ನಾನು.

ಇನ್ನು ಹೇಳುವುದಕ್ಕೆ ಏನೂ ಉಳಿದಿಲ್ಲ. ಎರಡು ನಿಮಿಷ ಎದ್ದು ನಿಂತು, ಮಾತಿಲ್ಲದೆ ಅವರನ್ನು ನೆನೆಯೋಣ. ಗಿಡ್ಡಮ್ಮನವರೇ, ನಿಮಗೆ ಮಂಡಿ ನೋವಿದೆ, ನೀವು ಕೂತೇ ಇರಿ. ಮಾದಮ್ಮನವರೇ, ನೀವೂ —

ಮಾದಮ್ಮನವರು ಆಗಲೇ ಎದ್ದಿದ್ದಾರೆ. ರಮಾಳ ಕೈ ಹಿಡಿದಿದ್ದಾರೆ.

ನಾವೂ ಏಳೋಣ.