ಒನಕೆ ಬೀಳುವವರೆಗೆ

ಇದು ನನ್ನ ದೊಡ್ಡಮ್ಮನ ಮಗ ಹರ್ಷಣ್ಣನಿಗೆ ಆದದ್ದು. ಸಾಲಗಾಮೆ ಹತ್ತಿರ, 2018ರ ಜನವರಿ ಕೊನೆಯ ರಾತ್ರಿ.

ಪಾಳುಬಾವಿ ದಾಟಿ ಮನೆಗೆ ಬರುತ್ತಿದ್ದ. ಹೆಗಲ ಮೇಲೆ ಟೆಲಿಸ್ಕೋಪು. ಬೀದಿದೀಪ ಅಡ್ಡ ಬರಬಾರದು ಅಂತ ಸಂಜೆಯಿಂದ ಆ ಬಾವಿ ಪಕ್ಕದ ಹೊಲದಲ್ಲೇ ನಿಂತು ಗ್ರಹಣದ ಫೋಟೊ ತೆಗೆದಿದ್ದ. ಕೊರೆಯುವ ಚಳಿ. ಎಷ್ಟು ಒರೆಸಿದರೂ ಲೆನ್ಸಿನ ಮೇಲೆ ಇಬ್ಬನಿ. ಕಿವಿಯ ಪಕ್ಕ "ಹ್ಹಾ..." ಅಂತ ಉಸಿರು, ಮತ್ತೆ ಗಾಜು ಮಬ್ಬು. ತನ್ನದೇ ಉಸಿರು ಅಂದುಕೊಂಡನಂತೆ.

ಮನೆಯಲ್ಲಿ ಅಜ್ಜಿ ಸುಬ್ಬಮ್ಮ, ತಂಗಿ ಮಾನಸಾ. ಮಾನಸಾ ಆಗ ಏಳು ತಿಂಗಳ ಬಸುರಿ. ಅಜ್ಜಿ ಅವಳನ್ನು ಒಳಕೋಣೆಯಲ್ಲಿ ಕೂರಿಸಿ, ನಡುಮನೆಯಲ್ಲಿ ನೀರಿನ ತಟ್ಟೆಯೊಳಗೆ ಒನಕೆ ನಿಲ್ಲಿಸಿದ್ದರು. ಗ್ರಹಣ ಬಿಟ್ಟರೆ ಒನಕೆ ತಾನಾಗೇ ಬೀಳುತ್ತದೆ. ಅಲ್ಲಿವರೆಗೆ ಬಾಗಿಲು ತೆಗೆಯುವ ಹಾಗಿಲ್ಲ.

"ನಿನ್ ಮದ್ವೆಗೂ ಇಷ್ಟ್ ಫೋಟೊ ತೆಗ್ಸಾಕಿಲ್ಲ ಕಣ್ಲಾ" ಅಂತ ಸಂಜೆ ಅಜ್ಜಿ ಆಡಿಕೊಂಡು ನಕ್ಕಿದ್ದರು.

ಹರ್ಷಣ್ಣ ಚಿಲಕ ಬಡಿದಾಗ ಚಂದ್ರ ಪೂರ್ತಿ ಬೆಳ್ಳಗಾಗಿದ್ದ. ಟಣ್... ಟಣ್...

"ಯಾರದು?"

"ನಾನಜ್ಜಿ. ಗ್ರಹಣ ಬಿಡ್ತು, ತಗಿ."

ಬಾಗಿಲ ಸಂದಿಯಿಂದ ಅಜ್ಜಿಯ ಪಿಸುಮಾತು.

"ಹರ್ಷ ಆಗ್ಲೇ ಬಂದವ್ನೆ. ಚಳಿ ಅಂದ, ಮನಸ್ ತಡೀನಿಲ್ಲ, ತಗ್ದುಬುಟ್ಟೆ. ಮಾನಸಾ ತಾವ ಕುಂತವ್ನೆ... ನೀನ್ಯಾರ್ಲಾ?"

ಅವನು ಕಿಟಕಿಯ ಸರಳು ಹಿಡಿದು ಇಣುಕಿದ. ಒನಕೆ ನೆಟ್ಟಗೆ ನಿಂತಿತ್ತು. ಅದರಾಚೆ ಒಳಕೋಣೆಯ ಕದ ಮುಚ್ಚಿತ್ತು.

"ಅಜ್ಜಿ, ಅದು ನಾನಲ್ಲ! ಮಾನಸಾನ ಆಚೆ ಕರಿ!"

"ಒಂದ್ಸಲ ತಪ್ ಮಾಡಿವ್ನಿ. ಇನ್ನು ಒನ್ಕೆ ಬೀಳಗಂಟ ಯಾವ ಬಾಗ್ಲೂ ತಗ್ಯಾಕಿಲ್ಲ."

ಒಳಕೋಣೆಯಿಂದ ಅವನದೇ ದನಿ, ನಿಧಾನವಾಗಿ: "ಯಾರಜ್ಜಿ... ಅದು?"

ಹರ್ಷಣ್ಣ ಬಾಗಿಲು ಒದ್ದ. ಹಳೇ ಹಲಗೆ, ಅಲುಗಲಿಲ್ಲ. ಪಕ್ಕದ ಮನೆಯಲ್ಲಿ ಒನಕೆ ಬಿತ್ತು, ಧಡ್. ಎದುರು ಮನೆಯಲ್ಲೂ ಧಡ್. ಇವರದು ಮಾತ್ರ ನಿಂತೇ ಇತ್ತು. ಸರಳು ಬಿಡಲಾರ, ಒಳಗೆ ಹೋಗಲಾರ. ಆ ಕದವನ್ನೇ ನೋಡುತ್ತಾ ತಂಗಿಯ ಹೆಸರು ಕೂಗಿದ... ಕೂಗಿದ...

ಧಡ್.

ಅಜ್ಜಿ ಅಗುಳಿ ಸರಿಸಿದರು. ಅವನು ನುಗ್ಗಿ ಒಳಕೋಣೆಯ ಕದ ತಳ್ಳಿದ. ಮಾನಸಾ ಒಬ್ಬಳೇ ಕೂತಿದ್ದಳು.

"ಅವ್ನು ಏನ್ ಮಾಡ್ದ ನಿಂಗೆ?"

"ಯಾರು? ಈಗ್ತಾನೆ ನೀನೇ ಎದ್ದೋದೆಯಲ್ಲಣ್ಣ... ಸ್ನಾನ ಮಾಡ್ಕೊಂಡ್ ಬತ್ತೀನಿ ಅಂತ."

ಆ ಕೋಣೆಗೆ ಇರುವುದು ಒಂದೇ ಬಾಗಿಲು.

ಮಾನಸಾಳ ಮಗು ಚೆನ್ನಾಗಿದೆ, ಈಗ ಶಾಲೆಗೆ ಹೋಗುತ್ತದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನು ಮೂವರನ್ನೂ ಬೇರೆಬೇರೆಯಾಗಿ ಕೇಳಿದ್ದೇನೆ. ಮೂವರೂ ಹೇಳುವುದು ಒಂದೇ. ಆ ಹೊತ್ತಿಗೆ ಅವರಲ್ಲಿ ಯಾರೂ ಇನ್ನೂ ಮಿಂದಿರಲಿಲ್ಲ. ಆದರೆ ಬಚ್ಚಲಲ್ಲಿ ಹಂಡೆಯ ನೀರು ಅರ್ಧಕ್ಕೆ ಇಳಿದಿತ್ತು. ಕಲ್ಲಿನಿಂದ ಇನ್ನೂ ಹಬೆ ಏಳುತ್ತಿತ್ತು.